ಹೆಸರೊಂದು, ಕೆಲಸ ಇನ್ನೊಂದು: ಮುಕ್ತ ತಂತ್ರಾಂಶಗಳ ಹೆಸರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಟರ್ಮಿನಲ್ ಮುಂದೆ ಕೂರುವವರದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ನಡೆಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹೆಸರುಗಳಲ್ಲಿ ಹೆಚ್ಚಿನವು ತಂತ್ರಾಂಶ ಹುಟ್ಟಿದ ದಿನದ ಕಥೆ ಹೇಳುತ್ತವೆ. ಇವತ್ತು ಅದು ಏನು ಮಾಡುತ್ತದೆ ಅನ್ನುವುದನ್ನು ಹೆಸರಿನಲ್ಲಿ ಹುಡುಕಬೇಡಿ.

## ಹೊಸಬರಿಗೆ

ಫ್ರೀ ಸಾಫ್ಟ್‌ವೇರ್ ಅಂದ್ರೆ ಪುಕ್ಕಟೆ ಅಂತ ತಾನೆ?

ಅಲ್ಲ. ಬಳಸುವ, ಒಳಗೆ ಹೇಗಿದೆ ಅಂತ ನೋಡುವ, ಬದಲಿಸುವ, ಹಂಚುವ ಸ್ವಾತಂತ್ರ್ಯ ಇದ್ದರೆ ಅದು ಫ್ರೀ ಸಾಫ್ಟ್‌ವೇರ್. ವಾಟ್ಸ್ಆ್ಯಪ್‌ಗೆ ನೀವು ದುಡ್ಡು ಕೊಡುವುದಿಲ್ಲ, ಆದರೆ ಅದರ ಸೋರ್ಸ್ ಕೋಡ್ ನಿಮಗೆ ಸಿಗುವುದಿಲ್ಲ. ರೆಡ್ ಹ್ಯಾಟ್‌ನ ಲಿನಕ್ಸ್‌ಗೆ ಕಂಪನಿಗಳು ವರ್ಷ ವರ್ಷ ಚಂದಾ ಕಟ್ಟುತ್ತವೆ, ಆದರೂ ಅದು ಮುಕ್ತ ತಂತ್ರಾಂಶ. ಈ ಗೊಂದಲ ತಪ್ಪಿಸಬೇಕು ಅಂತಲೂ 1998ರಲ್ಲಿ ಓಪನ್ ಸೋರ್ಸ್ ಅನ್ನುವ ಹೆಸರು ತಂದರು. ಈಗ ಕೋಡ್ ಕಣ್ಣಿಗೆ ಬಿದ್ದರೆ ಸಾಕು, ಅದೇ ಓಪನ್ ಸೋರ್ಸ್ ಅಂದುಕೊಳ್ಳುವವರು ಜಾಸ್ತಿಯಾಗಿದ್ದಾರೆ.

ಲೀನಸ್ ತನ್ನ ಹೆಸರನ್ನೇ ಲಿನಕ್ಸ್ ಅಂತ ಇಟ್ಟುಕೊಂಡನಾ? ಸ್ವಲ್ಪ ಜಂಬ ಅಲ್ವಾ?

ಅವರಿಗೂ ಹಾಗೇ ಅನ್ನಿಸಿತ್ತು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್‌ಗೆ ಇಡಬೇಕೆಂದಿದ್ದ ಹೆಸರು ಫ್ರೀಕ್ಸ್. ಫ್ರೀ, ಫ್ರೀಕ್ ಎರಡನ್ನೂ ಸೇರಿಸಿ, ಕೊನೆಗೆ ಯುನಿಕ್ಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಎಕ್ಸ್ ಹಚ್ಚಿದ್ದು. ಲಿನಕ್ಸ್ ಅನ್ನುವ ಹೆಸರೂ ತಲೆಯಲ್ಲಿತ್ತು, ಆದರೆ ತೀರಾ ಅಹಂಕಾರದ್ದು ಅನ್ನಿಸಿ ಬಿಟ್ಟಿದ್ದರು. ಕೋಡ್ ಹಾಕಲು ಜಾಗ ಕೊಟ್ಟವರು ಫಿನ್ಲೆಂಡಿನ ಎಫ್‌ಟಿಪಿ ಸರ್ವರ್ ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆ. ಅವರಿಗೆ ಫ್ರೀಕ್ಸ್ ಹಿಡಿಸಲಿಲ್ಲ. ಲೀನಸ್‌ರನ್ನು ಕೇಳದೆ ಫೋಲ್ಡರ್‌ಗೆ ಲಿನಕ್ಸ್ ಅಂತ ಹೆಸರಿಟ್ಟರು. ಅದೇ ನಿಂತಿತು.

2005ರಲ್ಲಿ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರೆದಾಗ ಲೀನಸ್ ಈ ಆರೋಪವನ್ನೇ ತಮಾಷೆ ಮಾಡಿಕೊಂಡರು. ಬ್ರಿಟಿಷ್ ಆಡುಮಾತಿನಲ್ಲಿ ಗಿಟ್ ಅಂದರೆ ತಲೆತಿನ್ನುವ ಮನುಷ್ಯ. ನಾನು ಮಾಡಿದ್ದಕ್ಕೆಲ್ಲ ನನ್ನ ಹೆಸರೇ ಇಡುತ್ತೇನೆ, ಮೊದಲು ಲಿನಕ್ಸ್, ಈಗ ಗಿಟ್, ಅಂದರು.

ನನ್ನ ಆಂಡ್ರಾಯ್ಡ್ ಫೋನಲ್ಲೂ ಲಿನಕ್ಸ್ ಇದೆ ಅಂತಾರೆ. ಕಾಲೇಜ್ ಲ್ಯಾಬಲ್ಲಿರೋದಕ್ಕೂ ಇದಕ್ಕೂ ಒಂಚೂರೂ ಹೋಲಿಕೆ ಇಲ್ವಲ್ಲ?

ಎರಡರಲ್ಲೂ ಇರುವುದು ಲಿನಕ್ಸ್ ಕರ್ನಲ್. ಕರ್ನಲ್ ಅಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ಒಳಭಾಗ. ನೀವು ಲ್ಯಾಬಿನಲ್ಲಿ ನೋಡಿದ ಕಮಾಂಡುಗಳು, ಶೆಲ್, ಕಂಪೈಲರ್ ಇವೆಲ್ಲ ಬಹುಪಾಲು ಗ್ನೂ ಯೋಜನೆಯವು. ಅದಕ್ಕೇ ಗ್ನೂ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಇಡೀ ವ್ಯವಸ್ಥೆಯನ್ನು ಗ್ನೂ/ಲಿನಕ್ಸ್ ಅನ್ನಬೇಕು ಅಂತ ಪಟ್ಟು ಹಿಡಿದದ್ದು. ಲಿನಕ್ಸ್ ಹಂಚುವ ಯೋಜನೆಗಳಲ್ಲೊಂದಾದ ಡೆಬಿಯನ್ ಅದನ್ನು ಒಪ್ಪಿತು, ಉಳಿದವರು ಹೆಚ್ಚಾಗಿ ಒಪ್ಪಲಿಲ್ಲ. ಸ್ಟಾಲ್‌ಮನ್ ವಾದದಲ್ಲಿ ನ್ಯಾಯ ಇದೆ ಅಂತಲೇ ನನ್ನ ಅಭಿಪ್ರಾಯ. ಆದರೆ ಬಾಯಿಗೆ ಬರುವುದು ಲಿನಕ್ಸ್ ಒಂದೇ.

ಗ್ನೂ ಅಂದ್ರೆ ಏನು ಅಂತ ಬಿಡಿಸಿ ನೋಡಿದೆ, ಒಳಗೆ ಮತ್ತೆ ಗ್ನೂನೇ ಬಂತು. ಏನಿದು?

ಅದೇ ಅದರ ತಮಾಷೆ. ಗ್ನೂಸ್ ನಾಟ್ ಯುನಿಕ್ಸ್. ಮೊದಲ ಅಕ್ಷರ ಬಿಡಿಸಿದರೆ ಮತ್ತೆ ಅದೇ ಬರುತ್ತದೆ, ಮುಗಿಯುವುದೇ ಇಲ್ಲ. ಸ್ಟಾಲ್‌ಮನ್ ಇದನ್ನು ಘೋಷಿಸಿದ್ದು 1983ರ ಸೆಪ್ಟೆಂಬರಿನಲ್ಲಿ. ಅವರಿದ್ದ ಎಂಐಟಿಯಲ್ಲಿ ಇಂಥ ಹೆಸರಿಡುವ ಚಾಳಿ ಮೊದಲೇ ಇತ್ತು. ಅಲ್ಲಿ ಐನೆ ಅನ್ನುವ ಎಡಿಟರ್ ಇತ್ತು: ಐನೆ ಈಸ್ ನಾಟ್ ಈಮ್ಯಾಕ್ಸ್. ಅದರ ನಂತರದ್ದು ತ್ಸ್ವೈ: ತ್ಸ್ವೈ ವಾಸ್ ಐನೆ ಇನಿಶಿಯಲಿ. ಜರ್ಮನ್ ಭಾಷೆಯಲ್ಲಿ ಒಂದು, ಎರಡು.

ಇದೇ ಜಾತಿಯ ಇನ್ನೊಂದು ಹೆಸರು ನನಗೆ ತುಂಬಾ ಇಷ್ಟ: ಲೇಮ್. ಬಿಡಿಸಿದರೆ, ಲೇಮ್ ಎಂಪಿ3 ಎನ್‌ಕೋಡರ್ ಅಲ್ಲ. ಆದರೆ ಅದು ಎಂಪಿ3 ಎನ್‌ಕೋಡರೇ! 1998ರಲ್ಲಿ ಹುಟ್ಟಿದಾಗ ಹೆಸರು ಸುಳ್ಳಾಗಿರಲಿಲ್ಲ. ಆಗ ಅದು ಐಎಸ್ಒ ಕೊಟ್ಟಿದ್ದ ಮಾದರಿ ಕೋಡಿಗೆ ಹಾಕುವ ತೇಪೆಗಳ ಕಟ್ಟು ಅಷ್ಟೇ. ಅದೊಂದರಿಂದಲೇ ಏನೂ ಎನ್‌ಕೋಡ್ ಆಗುತ್ತಿರಲಿಲ್ಲ. ಬರಬರುತ್ತಾ ತೇಪೆಯೇ ಬಟ್ಟೆಯಾಯಿತು. 2000ದ ಹೊತ್ತಿಗೆ ಮೂಲ ಕೋಡ್ ಪೂರ್ತಿ ಹೋಯಿತು, ಹೆಸರು ಮಾತ್ರ ಉಳಿಯಿತು.

ಫೈರ್‌ಫಾಕ್ಸ್ ಅಂದ್ರೆ ನರಿನಾ, ಪಾಂಡಾನಾ?

ಹೆಸರು ಕೆಂಪು ಪಾಂಡಾದ್ದು, ಲೋಗೊ ನರಿಯದ್ದು. ಕೆಂಪು ಪಾಂಡಾಗೆ ಇಂಗ್ಲಿಷಿನಲ್ಲಿ ಫೈರ್‌ಫಾಕ್ಸ್ ಅಂತಲೂ ಹೇಳುತ್ತಾರೆ. ಸಿಕ್ಕಿಂ ರಾಜ್ಯಪ್ರಾಣಿ ಅದೇ, ಡಾರ್ಜಿಲಿಂಗ್ ಮೃಗಾಲಯಕ್ಕೆ ಹೋದವರು ನೋಡಿರುತ್ತೀರಿ.

ಆದರೆ ಇದು ಈ ಬ್ರೌಸರಿನ ಮೂರನೇ ಹೆಸರು. 2002ರಲ್ಲಿ ಶುರುವಾದಾಗ ಫೀನಿಕ್ಸ್. ಕಂಪ್ಯೂಟರ್ ಶುರು ಮಾಡುವ ತಂತ್ರಾಂಶವಾದ ಬಯಾಸ್ ಮಾಡುವ ಫೀನಿಕ್ಸ್ ಟೆಕ್ನಾಲಜೀಸ್ ಟ್ರೇಡ್‌ಮಾರ್ಕ್ ತಕರಾರು ಎತ್ತಿತು. 2003ರ ಏಪ್ರಿಲ್‌ನಲ್ಲಿ ಫೈರ್‌ಬರ್ಡ್ ಅಂತ ಬದಲಿಸಿದರು. ಆ ಹೆಸರಿನ ಡೇಟಾಬೇಸ್ ಮೊದಲೇ ಇತ್ತು, ಅದೂ ಮುಕ್ತ ತಂತ್ರಾಂಶವೇ. ಅದರ ಬಳಗಕ್ಕೆ ಸಿಟ್ಟು ಬಂದು ದೊಡ್ಡ ಜಗಳವಾಯಿತು. ಕೊನೆಗೆ 2004ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ ಆಯಿತು. ಮೊದಲ ಪೂರ್ಣ ಆವೃತ್ತಿ ಬಂದದ್ದು ಅದೇ ವರ್ಷ ನವೆಂಬರಿನಲ್ಲಿ. ಹೀಗಾಗಿ ಬಹಳ ಜನಕ್ಕೆ ಹಳೆಯ ಹೆಸರುಗಳ ಪರಿಚಯವೇ ಇಲ್ಲ.

ಪೈಥಾನ್‌ಗೂ ಹೆಬ್ಬಾವಿಗೂ ಏನು ಸಂಬಂಧ?

ಏನೂ ಇಲ್ಲ. ಈ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಗೀಡೊ ವಾನ್ ರಾಸಮ್ ಹೆಸರು ತೆಗೆದುಕೊಂಡದ್ದು ಮಾಂಟಿ ಪೈಥಾನ್ ಅನ್ನುವ ಬ್ರಿಟಿಷ್ ಹಾಸ್ಯ ತಂಡದ ಟಿವಿ ಕಾರ್ಯಕ್ರಮದಿಂದ. ಲೋಗೊದಲ್ಲಿ ಹಾವುಗಳು ಬಂದದ್ದು ಆಮೇಲೆ.

## ಬಳಸೋಕೆ ಶುರು ಮಾಡಿದವರಿಗೆ

ಓಪನ್‌ಆಫೀಸ್, ಲಿಬ್ರೆಆಫೀಸ್ ಎರಡೂ ಒಂದೇನಾ? ಯಾವುದನ್ನ ಡೌನ್‌ಲೋಡ್ ಮಾಡ್ಲಿ?

ಲಿಬ್ರೆಆಫೀಸ್ ಮಾಡಿ. ಕಾರಣ ಸ್ವಲ್ಪ ಉದ್ದ ಇದೆ.

ಓಪನ್‌ಆಫೀಸ್ ಮೊದಲು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಯೋಜನೆ. ಅದರ ಅಧಿಕೃತ ಹೆಸರಿನ ಕೊನೆಗೆ ಡಾಟ್ ಆರ್ಗ್ ಅಂತಲೂ ಇತ್ತು, ಯಾಕೆಂದರೆ ಬರೀ ಓಪನ್‌ಆಫೀಸ್ ಅನ್ನುವುದರ ಟ್ರೇಡ್‌ಮಾರ್ಕ್ ಬೇರೆಯವರ ಹತ್ತಿರವಿತ್ತು. 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡುಕೊಂಡಿತು. ಕೋಡ್ ಬರೆಯುತ್ತಿದ್ದವರಿಗೆ ಮುಂದೇನು ಅನ್ನುವ ಚಿಂತೆ ಹತ್ತಿತು. ಅದೇ ಸೆಪ್ಟೆಂಬರಿನಲ್ಲಿ ಬಹಳ ಜನ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು. ಹಳೆಯ ಹೆಸರು ಒರಾಕಲ್ ಕೈಯಲ್ಲಿತ್ತು. ಹೊರಬಂದವರು ಕೋಡ್ ತೆಗೆದುಕೊಂಡು ಹೋಗಬಹುದಿತ್ತು, ಹೆಸರನ್ನು ಒಯ್ಯುವ ಹಾಗಿರಲಿಲ್ಲ. ಲಿಬ್ರೆಆಫೀಸ್ ಹುಟ್ಟಿದ್ದು ಹೀಗೆ. 2011ರಲ್ಲಿ ಒರಾಕಲ್ ಹಳೆಯ ಯೋಜನೆಯನ್ನು ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು.

ಅಂದರೆ ಕೆಲಸ ಮಾಡುವ ಜನ ಒಂದು ಕಡೆ, ಜನರಿಗೆ ಗೊತ್ತಿದ್ದ ಹೆಸರು ಇನ್ನೊಂದು ಕಡೆ. ಓಪನ್‌ಆಫೀಸ್ ಇನ್ನೂ ಇದೆ, ಆದರೆ ಸಣ್ಣಪುಟ್ಟ ರಿಪೇರಿ ಬಿಟ್ಟರೆ ದೊಡ್ಡ ಹೊಸ ಆವೃತ್ತಿ ಬಂದು ವರ್ಷಗಳಾದವು. ಹಳೇ ನೆನಪಿನಲ್ಲಿ ಹೆಸರು ಹುಡುಕಿ, ಅದನ್ನೇ ಹಾಕಿಕೊಂಡು, ಮುಕ್ತ ತಂತ್ರಾಂಶವೆಲ್ಲ ಹೀಗೇ ಹಿಂದೆ ಬಿದ್ದಿರುತ್ತದೆ ಅನ್ನುವವರು ಸಿಗುತ್ತಾರೆ. ಈ ಪಟ್ಟಿಯಲ್ಲಿ ನಿಜವಾಗಿ ನಷ್ಟ ಮಾಡುವ ಹೆಸರು ಯಾವುದು ಅಂದರೆ ನಾನು ಇದನ್ನೇ ತೋರಿಸುತ್ತೇನೆ.

ವಿಕಿಪೀಡಿಯ, ವಿಕಿಮೀಡಿಯ, ಮೀಡಿಯಾವಿಕಿ. ಯಾರು ಯಾರು ಅಂತ ಹೇಳಿ ಪುಣ್ಯ ಕಟ್ಕೊಳ್ಳಿ.

ವಿಕಿಪೀಡಿಯ ನೀವು ಓದುವ ವಿಶ್ವಕೋಶ. ಕನ್ನಡದ್ದು 2003ರಲ್ಲಿ ಶುರುವಾಯಿತು. ವಿಕಿಮೀಡಿಯ ಅದನ್ನು ನಡೆಸುವ ಸಂಸ್ಥೆ. ಮೀಡಿಯಾವಿಕಿ ಅದರ ಹಿಂದಿರುವ ತಂತ್ರಾಂಶ, ಯಾರು ಬೇಕಾದರೂ ತಮ್ಮ ಸರ್ವರ್‌ಗೆ ಹಾಕಿಕೊಳ್ಳಬಹುದು. ವಿಕಿಮೀಡಿಯವನ್ನು ತಿರುಗಿಸಿ ಇಟ್ಟ ಹೆಸರದು. ಇಟ್ಟವರಿಗೆ ಮಜಾ, ನಮಗೆ ತಲೆನೋವು. ವಿಕಿಲೀಕ್ಸ್‌ಗೂ ಇವರಿಗೂ ಸಂಬಂಧವಿಲ್ಲ. ವಿಕಿ ಅನ್ನುವುದು ಯಾರ ಸ್ವತ್ತೂ ಅಲ್ಲ. 1995ರಲ್ಲಿ ವಾರ್ಡ್ ಕನಿಂಗ್ಹ್ಯಾಮ್ ಅದನ್ನು ಎತ್ತಿಕೊಂಡದ್ದು ಹೊನೊಲುಲು ವಿಮಾನ ನಿಲ್ದಾಣದ ವಿಕಿ ವಿಕಿ ಬಸ್ಸಿನಿಂದ.

ವಿಎಲ್‌ಸಿ ಲೋಗೊದಲ್ಲಿ ರಸ್ತೆ ಕೋನ್ ಯಾಕಿದೆ?

1996ರ ಹೊತ್ತಿಗೆ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕಿನಲ್ಲಿ ವಿಡಿಯೋ ಹರಿಸುವ ಯೋಜನೆ ಶುರು ಮಾಡಿದರು, ವಿಡಿಯೋಲ್ಯಾನ್ ಅಂತ. ಅಲ್ಲಿನ ನೆಟ್‌ವರ್ಕ್ ಸಂಘದ ಹುಡುಗರು ರಸ್ತೆ ಕೋನ್ ಸಂಗ್ರಹಿಸುತ್ತಿದ್ದರು, ಅದೇ ಲೋಗೊ ಆಯಿತು. ವಿಡಿಯೋ ಕಳಿಸುವುದಕ್ಕೆ ಒಂದು ಸರ್ವರ್, ನೋಡುವುದಕ್ಕೆ ಒಂದು ಕ್ಲೈಂಟ್. ವಿಡಿಯೋಲ್ಯಾನ್ ಕ್ಲೈಂಟ್ ಅನ್ನುವುದೇ ವಿಎಲ್‌ಸಿ. ಈಗ ಅದೊಂದೇ ಸರ್ವರ್ ಕೆಲಸವನ್ನೂ ಮಾಡುತ್ತದೆ. ನಾವು ಮದುವೆ ವಿಡಿಯೋ ನೋಡುವಾಗ ಎರಡೂ ಬೇಕಾಗಿಲ್ಲ, ಆ ಮಾತು ಬೇರೆ.

ಡೆಬಿಯನ್‌ನಲ್ಲಿ ಅನ್‌ಸ್ಟೇಬಲ್ ಅಂತ ಇದೆ. ಅದು ಪದೇ ಪದೇ ಹ್ಯಾಂಗ್ ಆಗತ್ತಾ?

ಹಾಗೇನಿಲ್ಲ. ಅಲ್ಲಿ ಸ್ಟೇಬಲ್ ಅಂದರೆ ಬದಲಾಗದ್ದು, ಅನ್‌ಸ್ಟೇಬಲ್ ಅಂದರೆ ದಿನವೂ ಬದಲಾಗುವುದು. ಸ್ಟೇಬಲ್‌ನಲ್ಲಿ ಬಗ್ ಇರುವುದಿಲ್ಲ ಅಂತಲೂ ಅಲ್ಲ. ಇವತ್ತಿದ್ದ ಬಗ್ ಮುಂದಿನ ವರ್ಷವೂ ಇರಬಹುದು! ಅನ್‌ಸ್ಟೇಬಲ್ ಹಾಕಿಕೊಂಡು ವರ್ಷಗಟ್ಟಲೆ ಕೆಲಸ ಮಾಡುವವರಿದ್ದಾರೆ, ಆದರೆ ಆಫೀಸ್ ಸರ್ವರ್‌ಗೆ ಬೇಡ.

ಅವರ ಆವೃತ್ತಿಗಳಿಗೆ ಟಾಯ್ ಸ್ಟೋರಿ ಚಿತ್ರದ ಪಾತ್ರಗಳ ಹೆಸರು. ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಆಗ ಪಿಕ್ಸಾರ್‌ನಲ್ಲಿ ಕೆಲಸ ಮಾಡುತ್ತಿದ್ದರು. ಬಜ್, ವುಡಿ, ಜೆಸ್ಸಿ ಎಲ್ಲ ಬಂದು ಹೋದರು. ಅನ್‌ಸ್ಟೇಬಲ್‌ಗೆ ಮಾತ್ರ ಯಾವಾಗಲೂ ಸಿಡ್, ಅಂದರೆ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ. ಇಷ್ಟು ನಿಖರವಾದ ಹೆಸರು ಈ ಇಡೀ ಲೋಕದಲ್ಲಿ ಅಪರೂಪ.

ಬಾಸ್ ಲಿನಕ್ಸ್ ಪೂರ್ತಿ ಭಾರತದಲ್ಲೇ ಬರೆದದ್ದು ಅಲ್ವಾ?

ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್ ಅನ್ನುವ ಹೆಸರು ಕೇಳಿದರೆ ಹಾಗನ್ನಿಸುತ್ತದೆ. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಅದನ್ನು ಕಟ್ಟಿದ್ದು ಡೆಬಿಯನ್ ಮೇಲೆ. ಭಾರತೀಯ ಭಾಷೆಗಳ ಬೆಂಬಲದಂಥ ಕೆಲಸ ಅವರು ಸೇರಿಸಿದ್ದಾರೆ. ಬೇರೆಯವರ ಅಡಿಪಾಯದ ಮೇಲೆ ಕಟ್ಟುವುದು ಇಲ್ಲಿ ಮಾಮೂಲಿ. ಉಬುಂಟು ಕೂಡ ಡೆಬಿಯನ್ ಮೇಲೇ ನಿಂತಿದೆ.

ಜಾವಾ ಕಲಿತ್ರೆ ಜಾವಾಸ್ಕ್ರಿಪ್ಟ್ ಸುಲಭ ಆಗತ್ತಾ?

ಹೆಸರಿನಿಂದ ಆ ಆಸೆ ಬೇಡ. 1995ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಹುಟ್ಟಿದಾಗ ಜಾವಾಸ್ಕ್ರಿಪ್ಟ್‌ನ ಹೆಸರು ಮೋಚಾ, ಆಮೇಲೆ ಲೈವ್‌ಸ್ಕ್ರಿಪ್ಟ್. ಆಗ ಜಾವಾ ಗಾಳಿ ಜೋರಾಗಿತ್ತು, ಡಿಸೆಂಬರಿನಲ್ಲಿ ಆ ಹೆಸರು ಅಂಟಿಸಿದರು.

## ಟರ್ಮಿನಲ್ ಮುಂದೆ ಕೂರುವವರಿಗೆ

ಮೈಎಸ್‌ಕ್ಯೂಎಲ್ ಹಾಕು ಅಂದ್ರೆ ಮರಿಯಾಡಿಬಿ ಬಂದು ಕೂತಿದೆ. ಹಾಳಾಗಿದೆಯಾ?

ಹಾಳಾಗಿಲ್ಲ. ಎರಡೂ ಡೇಟಾಬೇಸ್ ತಂತ್ರಾಂಶಗಳೇ. 2017ರ ಡೆಬಿಯನ್ 9ರಿಂದ ಅಲ್ಲಿನ ಡೀಫಾಲ್ಟ್ ಮೈಎಸ್‌ಕ್ಯೂಎಲ್ ಪ್ಯಾಕೇಜ್ ತರುವುದು ಮರಿಯಾಡಿಬಿಯನ್ನೇ. ಮೈಎಸ್‌ಕ್ಯೂಎಲ್ ಒರಾಕಲ್ ಕೈಗೆ ಹೋಗುವ ಹೊತ್ತಿಗೆ ಅದರ ಮೂಲ ಲೇಖಕ ಮೈಕೆಲ್ ವಿಡೇನಿಯಸ್ ಅದೇ ಕೋಡಿನಿಂದ ಕವಲು ಒಡೆಸಿದ್ದು ಮರಿಯಾಡಿಬಿ. ಹಳೇ ಪ್ರೋಗ್ರಾಮುಗಳು ಮುರಿಯಬಾರದು ಅಂತ ಕಮಾಂಡಿಗೆ ಹಳೇ ಹೆಸರನ್ನೂ ಉಳಿಸಿಕೊಂಡರು.

ಮೈ ಅಂದರೆ ನನ್ನದು ಅಂತ ಬಹಳ ಜನ ಓದುತ್ತಾರೆ. ಅದು ಅವರ ಮಗಳ ಹೆಸರು. ಮರಿಯಾ ಎರಡನೇ ಮಗಳು. ಮಗನ ಹೆಸರಿನಲ್ಲಿ ಮ್ಯಾಕ್ಸ್‌ಡಿಬಿ ಇತ್ತು. ಪುಣ್ಯಕ್ಕೆ ಅಲ್ಲಿಗೆ ನಿಂತಿತು.

ಹಳೇ ಉಬುಂಟುನಲ್ಲಿ ನೋಡ್‌ಜೆಎಸ್ ಹಾಕಿದ್ಮೇಲೂ ನೋಡ್ ಅಂತ ಕೊಟ್ರೆ ಸಿಕ್ತಾನೇ ಇರ್ಲಿಲ್ಲ. ಯಾಕೆ?

ಈ ಕಥೆ ಚೆನ್ನಾಗಿದೆ. ಆ ಕಾಲದಲ್ಲಿ ನೋಡ್ ಅನ್ನುವ ಪ್ಯಾಕೇಜ್ ಡೆಬಿಯನ್‌ನಲ್ಲಿ ಮೊದಲೇ ಇತ್ತು. ಹ್ಯಾಮ್ ರೇಡಿಯೊ ಹವ್ಯಾಸಿಗಳು ರೇಡಿಯೊ ಮೂಲಕ ಡೇಟಾ ಪ್ಯಾಕೆಟ್ ಕಳಿಸಲು ಬಳಸುವ ಪ್ರೋಗ್ರಾಂ ಅದು. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್‌ನವರ ಕಮಾಂಡೂ ಅದೇ. ನೋಡ್ ಪ್ಯಾಕೇಜ್ ಹಾಕಿದ ವೆಬ್ ಡೆವಲಪರ್‌ಗೆ ಸಿಕ್ಕಿದ್ದು ರೇಡಿಯೊ ಪ್ರೋಗ್ರಾಂ. ನೋಡ್‌ಜೆಎಸ್ ಪ್ಯಾಕೇಜ್ ಹಾಕಿದರೆ ನೋಡ್ ಕಮಾಂಡೇ ಇಲ್ಲ, ಪೂರ್ತಿ ನೋಡ್‌ಜೆಎಸ್ ಅಂತ ಟೈಪ್ ಮಾಡಬೇಕಿತ್ತು. ಎರಡೂ ಕಡೆಯವರು ಬಿಡಲಿಲ್ಲ. ವಿಷಯ ಡೆಬಿಯನ್‌ನ ತಾಂತ್ರಿಕ ಸಮಿತಿಗೆ ಹೋಯಿತು. 2012ರಲ್ಲಿ ಬಂದ ತೀರ್ಪು: ರೇಡಿಯೊದವರು ಪ್ಯಾಕೇಜ್ ಹೆಸರು ಬದಲಿಸಬೇಕು, ನೋಡ್‌ಜೆಎಸ್‌ನವರಿಗೂ ಮುಖ್ಯ ಪ್ಯಾಕೇಜ್‌ನಲ್ಲಿ ಆ ಕಮಾಂಡ್ ಇಲ್ಲ. ಚಿಕ್ಕ ಹೆಸರು ಬೇಕಾದವರು ನೋಡ್‌ಜೆಎಸ್-ಲೆಗಸಿ ಅನ್ನುವ ಇನ್ನೊಂದು ಪ್ಯಾಕೇಜ್ ಹಾಕಿಕೊಳ್ಳಬೇಕು. ವರ್ಷಗಳ ನಂತರ ಅದು ಸರಿಹೋಯಿತು.

ಗಿಟ್‌ಗೂ ಇದೇ ಆಗಿತ್ತು. ಡೆಬಿಯನ್‌ನಲ್ಲಿ ಗಿಟ್ ಅನ್ನುವ ಹೆಸರು ಗ್ನೂ ಇಂಟರಾಕ್ಟಿವ್ ಟೂಲ್ಸ್ ಅನ್ನುವುದಕ್ಕೆ ಸೇರಿತ್ತು, ಲೀನಸ್‌ರ ಗಿಟ್ ಹಲವು ವರ್ಷ ಗಿಟ್-ಕೋರ್ ಆಗಿ ಬದುಕಿತು. ಕ್ರೋಮಿಯಂ ಅಂತ ಹಾಕಿದರೆ ಬ್ರೌಸರ್ ಬದಲು ಅಂತರಿಕ್ಷ ನೌಕೆಯಿಂದ ಗುಂಡು ಹಾರಿಸುವ ಆಟ ಬರುತ್ತಿದ್ದ ಕಾಲವೂ ಇತ್ತು.

ಎಸ್‌ಎಸ್‌ಎಲ್ ಬಳಸಬೇಡಿ ಅಂತಾರೆ, ಮತ್ತೆ ಓಪನ್‌ಎಸ್‌ಎಸ್‌ಎಲ್ ಹಾಕಿ ಅಂತಾರೆ. ಯಾವುದು ಸರಿ?

ಎರಡೂ ಸರಿ. ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಎಸ್‌ಎಸ್‌ಎಲ್ ಅನ್ನುವ ಪ್ರೊಟೊಕಾಲ್ ಹೋಗಿ 1999ರಲ್ಲೇ ಟಿಎಲ್‌ಎಸ್ ಬಂತು. ಎಸ್‌ಎಸ್‌ಎಲ್‌ನ ಕೊನೆಯ ಆವೃತ್ತಿಯನ್ನೂ 2015ರಲ್ಲಿ ಬಳಸಬಾರದು ಅಂತ ಸಾರಿದರು. ಓಪನ್‌ಎಸ್‌ಎಸ್‌ಎಲ್ ಇವತ್ತು ಮಾಡುವುದು ಟಿಎಲ್‌ಎಸ್ ಕೆಲಸ. ಹೆಸರು ಬದಲಿಸಲು ಹೋದರೆ ಅದನ್ನು ನಂಬಿಕೊಂಡ ಸಾವಿರಾರು ಪ್ರೋಗ್ರಾಮುಗಳ ಬಿಲ್ಡ್ ಫೈಲ್‌ಗಳನ್ನೂ ಬದಲಿಸಬೇಕು. ಬೆಂಗಳೂರಲ್ಲಿ ಟಾಕೀಸ್ ಕೆಡವಿ ಎಷ್ಟೋ ವರ್ಷವಾದರೂ ಬಸ್ ಸ್ಟಾಪಿಗೆ ಅದೇ ಟಾಕೀಸ್ ಹೆಸರು ಇರುತ್ತದಲ್ಲ, ಹಾಗೇ.

ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂನವರು ಇನ್ನೊಂದು ದಾರಿ ಹಿಡಿದರು. ಲೋ ಲೆವೆಲ್ ವರ್ಚುವಲ್ ಮಷೀನ್ ಅನ್ನುವ ವಿಸ್ತರಣೆ ಕೆಲಸಕ್ಕೆ ಹೊಂದದಾದಾಗ, ಇದು ಯಾವುದರ ಸಂಕ್ಷಿಪ್ತ ರೂಪವೂ ಅಲ್ಲ, ಇದೇ ಪೂರ್ತಿ ಹೆಸರು ಅಂದುಬಿಟ್ಟರು. ಜಿಸಿಸಿಯವರು ಅಕ್ಷರ ಉಳಿಸಿಕೊಂಡು ಅರ್ಥ ಬದಲಿಸಿದರು: ಮೊದಲು ಗ್ನೂ ಸಿ ಕಂಪೈಲರ್, ಈಗ ಗ್ನೂ ಕಂಪೈಲರ್ ಕಲೆಕ್ಷನ್.

ಪೈಥಾನ್‌ನಲ್ಲಿ ಪಿಲ್ಲೋ ಇನ್‌ಸ್ಟಾಲ್ ಮಾಡಿ ಪಿಐಎಲ್ ಅಂತ ಇಂಪೋರ್ಟ್ ಮಾಡ್ಬೇಕು. ಇದ್ಯಾವ ನ್ಯಾಯ?

ಪಿಐಎಲ್ ಅನ್ನುವುದು ಹಳೆಯ ಚಿತ್ರ ಲೈಬ್ರರಿ. ಅದರ ಕೆಲಸ ನಿಂತಾಗ ಪಿಲ್ಲೋ ಅನ್ನುವ ಕವಲು ಮುಂದುವರಿಸಿತು. ಹಳೇ ಕೋಡ್ ಒಂದು ಸಾಲೂ ಬದಲಾಗದೆ ಓಡಲಿ ಅಂತ ಇಂಪೋರ್ಟ್ ಹೆಸರು ಹಾಗೇ ಇಟ್ಟರು. ಓಪನ್‌ಸಿವಿ ನಾಲ್ಕನೇ ಆವೃತ್ತಿಗೆ ಬಂದರೂ ಇಂಪೋರ್ಟ್ ಮಾಡುವುದು ಸಿವಿ2 ಅಂತಲೇ, ಅದಕ್ಕೂ ಇದೇ ಬಗೆಯ ಕಾರಣ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿಕೊಳ್ಳುವುದೇ ಸುಲಭ.

ಪರ್ಲ್ 5 ಇನ್ನೂ ಓಡ್ತಿದೆ, ಪರ್ಲ್ 6 ಎಲ್ಲಿ ಹೋಯ್ತು?

ಅದರ ಹೆಸರೀಗ ರಾಕು. 2000ದಲ್ಲಿ ಘೋಷಣೆಯಾದಾಗ ಪರ್ಲ್ 5ರ ಮುಂದಿನ ಆವೃತ್ತಿ ಅಂತಲೇ ಇತ್ತು. ಬರೆಯುತ್ತಾ ಬರೆಯುತ್ತಾ ಬೇರೆಯೇ ಭಾಷೆಯಾಯಿತು. ಮೊದಲ ಪೂರ್ಣ ಬಿಡುಗಡೆ 2015ರ ಕ್ರಿಸ್‌ಮಸ್‌ಗೆ. ಆ ಹದಿನೈದು ವರ್ಷ ಪರ್ಲ್ 5 ಸುಮ್ನೆ ಕೂತಿರಲಿಲ್ಲ, ಆದರೆ ಹೊರಗಿನವರ ಕಣ್ಣಿಗೆ ಅದು ಹಳೆಯದು, ಹೊಸದು ಇನ್ನೂ ಬಂದಿಲ್ಲ. ಒಂದು ಅಂಕೆ ಎರಡು ಯೋಜನೆಗಳಿಗೂ ಪೆಟ್ಟು ಕೊಟ್ಟಿತು. 2019ರ ಅಕ್ಟೋಬರಿನಲ್ಲಿ ಪರ್ಲ್ ಸೃಷ್ಟಿಸಿದ ಲ್ಯಾರಿ ವಾಲ್ ಒಪ್ಪಿಗೆಯೊಂದಿಗೆ ಹೆಸರು ಬದಲಾಯಿತು. ಹತ್ತು ವರ್ಷ ಮೊದಲೇ ಮಾಡಬೇಕಿತ್ತು.

## ತಾವೇ ಹೆಸರಿಡುವವರಿಗೆ

ಚೆನ್ನಾಗಿರೋ ಹೆಸರನ್ನ ಬಿಟ್ಟು ಇವರು ಯಾಕೆ ಪದೇ ಪದೇ ಬದಲಿಸ್ತಾರೆ?

ಹೆಚ್ಚಾಗಿ ಟ್ರೇಡ್‌ಮಾರ್ಕ್ ಕಾರಣಕ್ಕೆ. ಲೈಸೆನ್ಸ್ ಕೋಡ್ ಕೊಡುತ್ತದೆ, ಹೆಸರು ಕೊಡುವುದಿಲ್ಲ. ನೆಟ್‌ವರ್ಕ್ ಪರೀಕ್ಷಿಸುವ ಈಥೀರಿಯಲ್ ಬರೆದ ಜೆರಾಲ್ಡ್ ಕೋಂಬ್ಸ್ 2006ರಲ್ಲಿ ಕೆಲಸ ಬದಲಿಸಿದರು. ಹೆಸರಿನ ಹಕ್ಕು ಹಳೇ ಕಂಪನಿಯಲ್ಲೇ ಉಳಿಯಿತು. ಯೋಜನೆ ವೈರ್‌ಶಾರ್ಕ್ ಆಯಿತು. 2011ರಲ್ಲಿ ಒರಾಕಲ್ ಜೊತೆ ತಿಕ್ಕಾಟವಾಗಿ, ಕೋಡನ್ನು ತಾನಾಗಿ ಬಿಲ್ಡ್ ಮಾಡುವ ಹಡ್ಸನ್ ಹೋಗಿ ಜೆಂಕಿನ್ಸ್ ಬಂತು. ಲಿನಕ್ಸ್‌ನ ಹೆಸರನ್ನೇ ಅಮೆರಿಕದಲ್ಲಿ ಸಂಬಂಧವಿಲ್ಲದವರೊಬ್ಬರು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದರು, ಅದು ಲೀನಸ್‌ಗೆ ವಾಪಸ್ ಬಂದದ್ದು 1997ರಲ್ಲಿ.

ಮುಕ್ತ ತಂತ್ರಾಂಶದವರೂ ಇದೇ ಆಯುಧ ಬೀಸುತ್ತಾರೆ. ತಾವು ಬದಲಿಸಿದ ಬ್ರೌಸರ್‌ಗೆ ಫೈರ್‌ಫಾಕ್ಸ್ ಹೆಸರು ಬಳಸುವ ವಿಷಯದಲ್ಲಿ ಡೆಬಿಯನ್‌ಗೂ ಮೊಜಿಲ್ಲಾಗೂ ಹೊಂದಲಿಲ್ಲ. 2006ರಿಂದ 2016ರವರೆಗೆ ಡೆಬಿಯನ್‌ನಲ್ಲಿ ಅದು ಐಸ್‌ವೀಸೆಲ್. ಬೆಂಕಿಗೆ ಬದಲು ಮಂಜು, ನರಿಗೆ ಬದಲು ಮುಂಗುಸಿಯಂಥ ಪ್ರಾಣಿ.

ಗಿಂಪ್ ಅನ್ನೋದು ಇಂಗ್ಲಿಷಲ್ಲಿ ಬೈಗುಳ ಅಂತೆ. ಯಾಕೆ ಬದಲಿಸಲ್ಲ?

ಗಿಂಪ್ ಚಿತ್ರ ತಿದ್ದುವ ತಂತ್ರಾಂಶ. ಕುಂಟುವವರನ್ನು ಹೀಯಾಳಿಸುವ ಮಾತು ಅದು. ಶಾಲೆ, ಆಫೀಸುಗಳಲ್ಲಿ ಮುಜುಗರ ಆಗುತ್ತದೆ ಅನ್ನುವ ದೂರು ಹಳೆಯದು. 2019ರಲ್ಲಿ ಕೆಲವರು ಗ್ಲಿಂಪ್ಸ್ ಅಂತ ಕವಲು ತೆಗೆದರು. 2021ರಲ್ಲಿ ಅದು ನಿಂತಿತು. ಹೆಸರೊಂದನ್ನು ಬದಲಿಸಿದರೆ ಸಾಲದು, ಅಷ್ಟು ದೊಡ್ಡ ಕೋಡ್ ನೋಡಿಕೊಳ್ಳುವ ಜನವೂ ಬೇಕು. ಮೂಲ ತಂಡ ದಶಕಗಳ ಗುರುತು ಬಿಡಲು ತಯಾರಿಲ್ಲ. ದೂರಿನಲ್ಲಿ ಹುರುಳಿದೆ ಅಂತ ನನಗನ್ನಿಸುತ್ತದೆ, ಆದರೆ ಬದಲಾಗುವ ಲಕ್ಷಣ ಕಾಣುವುದಿಲ್ಲ.

ನನ್ನ ಪ್ರಾಜೆಕ್ಟ್‌ಗೆ ಕನ್ನಡ ಹೆಸರಿಟ್ರೆ ತೊಂದರೆನಾ?

ಧಾರಾಳವಾಗಿ ಇಡಿ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅನ್ನುವ ಕನ್ನಡ ಫಾಂಟುಗಳು ಆಗಲೇ ಇವೆ. ಆದರೆ ಪ್ಯಾಕೇಜ್ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಬರೆಯಬೇಕು. ಕಾಡು ಅಂತ ಇಟ್ಟರೆ ಎ ಒಂದಾ ಎರಡಾ? ಬಳೆ ಅಂತ ಇಟ್ಟರೆ ಬಲೆ ಅಂತಲೂ ಓದಬಹುದು. ಗುಬ್ಬಿಯಂಥ, ಬರೆಯಲು ಒಂದೇ ದಾರಿ ಇರುವ ಪದ ಆರಿಸಿ.

ಡೆಬಿಯನ್, ಪೈಥಾನ್‌ನ ಪ್ಯಾಕೇಜ್ ಭಂಡಾರ ಪೈಪಿಐ, ಜಾವಾಸ್ಕ್ರಿಪ್ಟ್‌ನ ಭಂಡಾರ ಎನ್‌ಪಿಎಂ ಮೂರರಲ್ಲೂ ಹುಡುಕಿ ನೋಡಿ. ಟ್ರೇಡ್‌ಮಾರ್ಕ್ ನೋಂದಣಿಯನ್ನೂ ನೋಡಿ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂನಲ್ಲಿ ಕಿಕ್ ಅನ್ನುವ ಪ್ಯಾಕೇಜ್ ಹೆಸರನ್ನು ಅದೇ ಹೆಸರಿನ ಮೆಸೇಜಿಂಗ್ ಕಂಪನಿ ಕೇಳಿತು, ಎನ್‌ಪಿಎಂ ಕೊಟ್ಟಿತು. ಸಿಟ್ಟಿಗೆದ್ದ ಡೆವಲಪರ್ ತನ್ನ 250ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ತೆಗೆದುಹಾಕಿದ. ಅದರಲ್ಲೊಂದು 11 ಸಾಲಿನ ಲೆಫ್ಟ್-ಪ್ಯಾಡ್. ಅದನ್ನು ನೆಚ್ಚಿಕೊಂಡ ಬಿಲ್ಡ್‌ಗಳು ಜಗತ್ತಿನ ಎಲ್ಲ ಕಡೆ ನಿಂತುಹೋದವು.

ಹೆಸರು ಹೊಳೆಯದಿದ್ದರೆ ಆಂಡ್ರ್ಯೂ ಟ್ರಿಜೆಲ್ ಮಾಡಿದ್ದನ್ನು ಮಾಡಿ. ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಅವರ ಎಸ್‌ಎಂಬಿ ಸರ್ವರ್‌ನ ಹೆಸರಿಗೆ ಟ್ರೇಡ್‌ಮಾರ್ಕ್ ತಕರಾರು ಬಂದಾಗ, ಎಸ್, ಎಂ, ಬಿ ಇದೇ ಕ್ರಮದಲ್ಲಿ ಬರುವ ಪದಗಳನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಗ್ರೆಪ್ ಅನ್ನುವ ಕಮಾಂಡಿನಿಂದ ಹುಡುಕಿದರು. ಸಿಕ್ಕ ನಾಲ್ಕಾರು ಪದಗಳಲ್ಲಿ ಸಾಂಬಾ ಆರಿಸಿದರು.

ಕೊನೆಗೆ, ರೀಡ್‌ಮಿ ಫೈಲಿನ ಮೊದಲ ಸಾಲಿನಲ್ಲಿ ಇದು ಏನು ಮಾಡುತ್ತದೆ ಅಂತ ಸರಳವಾಗಿ ಬರೆಯಿರಿ. ಹೆಸರನ್ನು ಆಮೇಲೆ ಬದಲಿಸುವುದು ಕಷ್ಟ. ಈ ಸಾಲನ್ನು ಪ್ರತಿ ಬಿಡುಗಡೆಗೂ ತಿದ್ದಬಹುದು.